ಮೂರನೆಯ ರೆಫರಿ

ಕರೂರಿನ ಕೆಂಚಣ್ಣನ ಮಗ ವಿಜಯಕುಮಾರ ಎರಡು ವರ್ಷ ಯಾವುದೋ ಚೆಕ್‌ಪೋಸ್ಟಿನಲ್ಲಿ ನೌಕರಿ ಮಾಡಿ ಬರಿಗೈಯಲ್ಲಿ ಊರಿಗೆ ಬಂದ ಎಂಬುದು ಊರಿನವರ ದೃಢವಾದ ನಂಬಿಕೆ. ಇದಕ್ಕೆ ಕಾರಣ ವಿಜಯಕುಮಾರನೇ. ನೀರುಂಡ ಗದ್ದೆಯ ಮಣ್ಣಿಗೆ ಉಪ್ಪು ಯಾಕೆ ಏರುತ್ತದೆ ಎಂಬುದರ ಮೇಲೆ ಪಿಎಚ್.ಡಿ. ಮಾಡಿದ ಅವನಿಗೆ ಚೆಕ್ ದೇಶದ ಒಂದು ವಿಶ್ವವಿದ್ಯಾಲಯದಲ್ಲಿ ಪೋಸ್ಟ್ ಡಾಕ್ ಎಂಬ ಹುದ್ದೆ ಸಿಕ್ಕಿತ್ತು. ಪಿಎಚ್.ಡಿ. ಆದವರು ಕಾಯಂ ನೌಕರಿ ಸಿಗುವ ತನಕ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಅಲೆಯುತ್ತ ಮಾಡುವ ಸಂಶೋಧನೆಯ ಕೆಲಸ ಅದು. ಹೋಗುವ ದಿನ ಕಟ್ಟೆಯ ಮೇಲೆ ಕೂತವರಿಗೆ ಇಷ್ಟೆಲ್ಲ ವಿವರಿಸಲು ಪುರುಸೊತ್ತಿಲ್ಲದೆ, "ಚೆಕ್‌ನಾಗ ಪೋಸ್ಟ್ ಸಿಕ್ಕೈತಿ" ಎಂದು ಕೂಗಿ ಸಿರುಗುಪ್ಪದ ಬಸ್ಸು ಹತ್ತಿಬಿಟ್ಟಿದ್ದ.

ಬಳ್ಳಾರಿ ಸೀಮೆಯವರಿಗೆ ಚೆಕ್‌ಪೋಸ್ಟ್ ಎಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ನಿಂತವನ ಮನೆ ತಾನಾಗಿಯೇ ಎರಡನೇ ಅಂತಸ್ತು ಬೆಳೆಯುತ್ತದೆ ಎಂದು ನಂಬಿದ ಜನ ಅವರು. ಹೀಗಿರುವಾಗ ಎರಡು ವರ್ಷದ ಮೇಲೆ ವಿಜಯಕುಮಾರ ಒಂದು ಪೆಟ್ಟಿಗೆ ತುಂಬ ಪುಸ್ತಕ, ಮೈಮೇಲೊಂದು ದಪ್ಪ ಸ್ವೆಟರು ಹೊತ್ತು ಬಸ್ಸಿನಿಂದ ಇಳಿದಾಗ ಊರಿಗೆ ಊರೇ ಮರುಗಿತು.

"ಎರಡು ವರ್ಷ ಚೆಕ್‌ಪೋಸ್ಟಿನಾಗ ನಿಂತು ಬರಿಗೈಲೇ ಬಂದಾನಂದ್ರ, ಎಂಥಾ ಪ್ರಾಮಾಣಿಕ ಇರಬೇಕು ನೋಡು. ಥೂ!"

ಆಮೇಲೆ ಅವನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದ. ಪಾಠ ಮಾಡುವಾಗ ಉಪನ್ಯಾಸಕ, ಸಂಬಳ ಕೇಳುವಾಗ ಅತಿಥಿ. ಕೌಲ್ ಬಜಾರಿನಲ್ಲಿ ಅಕ್ಕನ ಮನೆ. ಅಕ್ಕನ ಗಂಡ ವಿರೂಪಾಕ್ಷಿ ಆಟೋ ಓಡಿಸುತ್ತಿದ್ದ. ಅಲ್ಲಿದ್ದುಕೊಂಡು ಹೇಗೋ ನಡೆಯುತ್ತಿತ್ತು. ಈ ವರ್ಷ ಕಾಲೇಜು ಹಚ್ಚಿದ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಕೇಳಿದರೆ, "ನೋಡೋಣ, ಯಾರರ ಬಿಟ್ಟು ಹೋದ್ರ ಕರಿತೀವಿ" ಎಂದರು.

ಇಂಥ ಹೊತ್ತಿನಲ್ಲಿ ಸಿರುಗುಪ್ಪದಲ್ಲಿ ನೆಂಟರೊಬ್ಬರ ಮನೆಯ ತೊಟ್ಟಿಲ ಕಾರ್ಯ ಬಂತು. ಊಟದ ಸಾಲಿನಲ್ಲಿ ಎದುರಿಗೆ ಕೂತ ನೆಂಟನೊಬ್ಬ, ಎಲ್ಲರಿಗೂ ಕೇಳುವಂತೆ, "ಏನಪಾ ಡಾಕ್ಟ್ರೇ, ಈಗೇನ್ ಮಾಡಾಕತ್ತೀ? ಖಾಲಿ ಅದೀ ಅಂತಲ್ಲ?" ಎಂದ.

ಅಂದು ಬೆಳಿಗ್ಗೆಯಷ್ಟೇ ವಿಜಯಕುಮಾರ ಮೊಬೈಲಿನಲ್ಲಿ ಹಾಲೆಂಡಿನ ಒಂದು ವಿಶ್ವವಿದ್ಯಾಲಯದ ಪ್ರಕಟಣೆ ನೋಡಿದ್ದ. ಕಡಲ ದಂಡೆಯ ಉಪ್ಪು ಮಣ್ಣಿನ ಮೇಲೆ ಸಂಶೋಧನೆ ಮಾಡಲು ಫೆಲೋಶಿಪ್. ಯಾವ ದೇಶದವರು ಬೇಕಾದರೂ ಅರ್ಜಿ ಹಾಕಬಹುದು. ಇಂಥ ಪ್ರಕಟಣೆಗೆ ಆ ವಲಯದಲ್ಲಿ 'ಕಾಲ್' ಎನ್ನುತ್ತಾರೆ. ಆದ್ದರಿಂದ ಅವನು ಹಪ್ಪಳ ಮುರಿಯುತ್ತ ಸಾವಕಾಶವಾಗಿ, "ಹಾಲೆಂಡಿನಿಂದ ಕಾಲ್ ಬಂದೈತಿ" ಎಂದ.

ಇದು ಸುಳ್ಳಲ್ಲ. ಭೂಮಂಡಲದ ಎಲ್ಲರಿಗೂ ಬಂದ ಕಾಲ್ ಅವನಿಗೂ ಬಂದಿತ್ತು. ಆದರೆ ಪಕ್ಕದಲ್ಲಿ ಕೂತ ಕೆಂಚಣ್ಣ ಅರ್ಧ ಊಟಕ್ಕೆ ಎದ್ದು ನಿಂತ. ಕಾಲುವೆಯ ನೀರುಗಂಟಿಯಾಗಿ ಇವರ ಗದ್ದೆಗೆ, ಅವರ ಗದ್ದೆಗೆ ನೀರು ತಿರುಗಿಸುತ್ತ ಮುದುಕನಾದವನು ಅವನು. ಎದೆ ಎತ್ತಿ ಮಾತಾಡುವ ಸಂದರ್ಭಗಳು ಅವನಿಗೆ ಹೆಚ್ಚು ಒದಗಿರಲಿಲ್ಲ. ಪಾಯಸದ ಬಕೆಟ್ಟು ಹಿಡಿದವನಿಂದ ಹಿಡಿದು ತೊಟ್ಟಿಲ ಕೂಸಿನ ತನಕ ಸುದ್ದಿ ಮುಟ್ಟಿಸಿಯೇ ಕೈ ತೊಳೆದ.

ಮನೆಗೆ ಬಂದ ಮೇಲೆ, "ಮತ್ತ ಯಾವಾಗ ಹೋಗಾದಲೇ?" ಎಂದು ಕೇಳಿದ.

"ಇನ್ನೂ ಐತಪ್ಪಾ. ಮೂರು ಮಂದಿ ರೆಫರಿ ಬೇಕು. ಅವರು ಬರದು ಕೊಟ್ರ ಆತು."

"ಮೂರು ಮಂದಿ? ಒಂದು ಆಟಕ್ಕ ಒಬ್ಬ ಸಾಕಲ್ಲ?"

"ಅಲ್ಲಿ ಮೂರು ಕೇಳ್ತಾರ," ಎಂದ ವಿಜಯಕುಮಾರ ಮೊಬೈಲಿನಿಂದ ತಲೆ ಎತ್ತದೆ. ತಲೆ ಎತ್ತಿದ್ದರೆ ಅಪ್ಪನ ಮುಖ ಕಾಣುತ್ತಿತ್ತು; ಮುಂದಿನ ಅನಾಹುತಗಳೂ ತಪ್ಪುತ್ತಿದ್ದವು.

ಅರ್ಜಿ ಹಾಕಿದವನ ಪರವಾಗಿ ಶಿಫಾರಸು ಪತ್ರ ಬರೆಯುವವರಿಗೆ ಆ ವಲಯದಲ್ಲಿ 'ರೆಫರಿ' ಎನ್ನುತ್ತಾರೆ. ಮೂವರಲ್ಲಿ ಮೊದಲನೆಯವರು ಚೆಕ್ ದೇಶದ ಪ್ರಾಧ್ಯಾಪಕಿ. ಅವರು ಮರುದಿನವೇ ಪತ್ರ ಕಳಿಸಿದರು. ಎರಡನೆಯವರು ಪಿಎಚ್.ಡಿ. ಮಾರ್ಗದರ್ಶಕರಾಗಿದ್ದ, ಈಗ ನಿವೃತ್ತರಾಗಿ ಕುರುಗೋಡಿನಲ್ಲಿರುವ ಪ್ರೊಫೆಸರ್ ದೊಡ್ಡಬಸವರಾಜ. ಅವರು ಫೋನಿನಲ್ಲೇ, "ನೀನ ಬರಕೊಂಡು ಬಾ, ನೋಡಿ ಸೈನ್ ಹಾಕ್ತೀನಿ" ಎಂದಿದ್ದರು. ತನ್ನನ್ನು ತಾನೇ ಪರರ ಬಾಯಿಂದ ಹೊಗಳಿಕೊಳ್ಳುವುದು ಎಷ್ಟು ನಾಚಿಕೆಯ ಕೆಲಸ ಎಂಬುದು ಮಾಡಿದವರಿಗೇ ಗೊತ್ತು. ವಿಜಯಕುಮಾರ ಬೆವರೊರೆಸಿಕೊಳ್ಳುತ್ತ ಒಂದು ಪುಟ ಬರೆದು ಕುರುಗೋಡಿನ ಬಸ್ಸು ಹತ್ತಿದ.

ಪ್ರೊಫೆಸರು ಪಡಸಾಲೆಯಲ್ಲಿ ಕೂತು ಕನ್ನಡಕ ಏರಿಸಿ, ಕೆಂಪು ಪೆನ್ನು ತೆಗೆದರು.

"'ಅಸಾಧಾರಣ ಸಂಶೋಧಕ.' ಇದೇನಲೇ ಇದು?"

"ಅಲ್ಲಿಗೆ ಹಂಗ ಬರೀಬೇಕಾಗ್ತೈತ್ರಿ ಸರ್. ಎಲ್ಲಾರೂ ಹಂಗ ಬರಸ್ತಾರ."

"ಬರಸ್ಲಿ. ನಾನು ಸುಳ್ಳಿಗೆ ಸೈನ್ ಹಾಕೋ ಪೈಕಿ ಅಲ್ಲ." ಪದದ ತಲೆಯನ್ನಷ್ಟೇ ಹೊಡೆದುಹಾಕಿದರು. ಅಸಾಧಾರಣನು ಸಾಧಾರಣನಾದ. "ಮುಂದೇನು? 'ಸ್ವತಂತ್ರವಾಗಿ ಯೋಚಿಸುತ್ತಾರೆ.' ಇದನ್ನ ತಗಿ. ಸೊಕ್ಕಿನ ಮನಶ್ಯಾ ಅಂತ ತಿಳ್ಕೋತಾರ. 'ವಿಧೇಯ' ಅಂತ ಹಾಕು. ಯಾವ ದೇಶದಾಗೂ ವಿಧೇಯರಿಗೆ ಬೆಲಿ ಐತಿ."

"ಸರ್, ಅಲ್ಲಿ ವಿಧೇಯ ಅಂದ್ರ..."

"ನೋಡು, ಎದುರು ಮಾತಾಡ್ತೀ. ನಿನ್ನ ಸಲುವಾಗಿ ಅದನ್ನೂ ಸುಳ್ಳ ಬರಿಯಾಕತ್ತೀನಿ ನಾನು."

ಅಷ್ಟರಲ್ಲಿ ಮೇಜಿನ ಮೇಲೆ ಇನ್ನೊಂದು ಪತ್ರ ಕಂಡಿತು. ಪ್ರೊಫೆಸರು ತಮ್ಮ ತಮ್ಮನ ಮಗಳು ಅಕ್ಷತಾಳಿಗೆ ಬರೆದುಕೊಟ್ಟ ಶಿಫಾರಸು; ಅವಳಿನ್ನೂ ಎಂ.ಎಸ್ಸಿ. ಓದುತ್ತಿದ್ದಳು. ನಾಲ್ಕು ಪುಟವಿತ್ತು. 'ಹುಟ್ಟು ಪ್ರತಿಭೆ' ಎಂದು ಶುರುವಾಗಿತ್ತು. ವಿಜಯಕುಮಾರ ಅದನ್ನು ನೋಡಿದ್ದನ್ನು ಪ್ರೊಫೆಸರು ನೋಡಿ, "ಅಕೀದು ಬ್ಯಾರೆ. ಅಕೀನ ನಾನು ಸಣ್ಣಾಕಿದ್ದಾಗಿಂದ ಬಲ್ಲೆ" ಎಂದರು.

ಪತ್ರವನ್ನು ವಿಶ್ವವಿದ್ಯಾಲಯದ ಜಾಲತಾಣಕ್ಕೆ ಏರಿಸುವುದು ಅವರಿಗೆ ಬರುತ್ತಿರಲಿಲ್ಲ. ಅವರ ಫೋನು ತೆಗೆದುಕೊಂಡು, ತಾನು ಸಾಧಾರಣನೆಂದೂ ವಿಧೇಯನೆಂದೂ ಸಾರುವ ಕಾಗದವನ್ನು ವಿಜಯಕುಮಾರ ತನ್ನ ಕೈಯಾರೆ ಹಾಲೆಂಡಿಗೆ ಕಳಿಸಿ, ಹಿತ್ತಲಲ್ಲಿದ್ದ ಗ್ಯಾಸ್ ಸಿಲಿಂಡರನ್ನು ಅಡಿಗೆಮನೆಗೆ ಹೊತ್ತು ಹಾಕಿ, ವಿಧೇಯನಾಗಿಯೇ ಬಸ್ಸು ಹತ್ತಿದ.

ಮೂರನೆಯವರು ಈಚೆಗೆ ಕೆಲಸ ಮಾಡಿದ ಸಂಸ್ಥೆಯವರೇ ಆಗಿರಬೇಕೆಂಬುದು ನಿಯಮ. ಬಳ್ಳಾರಿಯ ಕಾಲೇಜಿನ ಪ್ರಾಂಶುಪಾಲೆ ವೀರಭದ್ರಮ್ಮನವರು ಅವನನ್ನು ಕೂರಿಸಿ ಚಹಾ ತರಿಸಿದರು. ಚಹಾ ಕಂಡಾಗಲೇ ಅವನಿಗೆ ಅನುಮಾನ ಬಂತು.

"ವಿಜಯಕುಮಾರ್, ನಿಮ್ಮ ಮ್ಯಾಲೆ ನನಗ ಭಾಳ ಅಭಿಮಾನ ಐತಿ. ಆದ್ರ ಬರವಣಿಗ್ಯಾಗ ಕೊಡಾಕ ಬರಂಗಿಲ್ಲ."

"ಯಾಕ್ರಿ ಮೇಡಂ?"

"ಇಷ್ಟು ವರ್ಷ ಇಲ್ಲಿ ಚಲೋ ಪಾಠ ಮಾಡ್ಯಾರ ಅಂತ ನಾನು ಬರದ್ರ, ನಾಳೆ ಅದನ್ನ ಹಿಡ್ಕೊಂಡು ಕಾಯಂ ಮಾಡ್ರಿ ಅಂತ ಕೋರ್ಟಿಗೆ ಹೋಗ್ತೀರಿ."

"ಹೋಗಂಗಿಲ್ರಿ ಮೇಡಂ."

"ಹಂಗಂತ ಬರದು ಕೊಡ್ತೀರೇನು?"

ಬರೆದುಕೊಟ್ಟ. ಅದನ್ನು ಅವರು ಜೋಪಾನವಾಗಿ ಫೈಲಿಗೆ ಸೇರಿಸಿದರು. ಶಿಫಾರಸು ಮಾತ್ರ ಕೊಡಲಿಲ್ಲ.

ಇತ್ತ ಕೆಂಚಣ್ಣ ಸುಮ್ಮನೆ ಕೂತಿರಲಿಲ್ಲ. ಅಳಿಯ ವಿರೂಪಾಕ್ಷಿಯ ಆಟೋದಲ್ಲಿ ಕೂತು ತನ್ನ ಚಿಂತೆ ತೋಡಿಕೊಂಡ: ಮಣ್ಣು ಓದಿದ ಹುಡುಗನಿಗೆ ರೆಫ್ರಿ ಯಾಕೆ? ಬಳ್ಳಾರಿಯ ಗಲ್ಲಿಗಳನ್ನೆಲ್ಲ ಬಲ್ಲ ವಿರೂಪಾಕ್ಷಿ ಜಗತ್ತಿನ ವ್ಯವಹಾರಗಳನ್ನೂ ಬಲ್ಲವನಾಗಿದ್ದ.

"ಇದರಾಗ ತಿಳಿಲಾರದ್ದೇನೈತಿ ಮಾವಾ? ಸ್ಪೋರ್ಟ್ಸ್ ಕೋಟಾ! ಓದಿದವರು ಅಲ್ಲಿ ರಗಡ ಮಂದಿ ಅದಾರ. ಆಟದ ಕೋಟಾದಾಗ ಕರದಾರ ಇವನ್ನ. ಅದಕ್ಕ ರೆಫ್ರಿ ಬರದು ಕೊಡಬೇಕು."

"ಅವನ್ಯಾವಾಗ ಆಡಿದ್ನೋ?"

"ಸಾಲ್ಯಾಗಿದ್ದಾಗ ಆಡಿರ್ತಾನ ತಗೋ. ಆಡದ ಹುಡುಗ್ರು ಯಾರದಾರ?"

ಊರಿಗೆ ಬಂದು ವಿಚಾರಿಸಿದಾಗ ಕರೂರಿನ ನೆನಪಿನ ಶಕ್ತಿ ಬೆರಗುಗೊಳಿಸುವಂತಿತ್ತು. ವಿಜಯಕುಮಾರ ಕಬಡ್ಡಿಯಲ್ಲಿ ಚಿಗರೆಯಂತೆ ಇದ್ದನೆಂದು ಒಬ್ಬ ಹೇಳಿದ. ಇನ್ನೊಬ್ಬ, ಅವನು ಒದ್ದ ಒದೆತಕ್ಕೆ ತನ್ನ ಹಲ್ಲು ಹೋಗಿದೆ ಎಂದು ಬಾಯಿ ತೆರೆದು ಜಾಗ ತೋರಿಸಿದ. ಸಣ್ಣಂದಿನಿಂದ ದಪ್ಪ ಕನ್ನಡಕ ಹಾಕಿಕೊಂಡು ಬೇವಿನ ಮರದ ಕೆಳಗೆ ಪುಸ್ತಕ ಹಿಡಿದು ಕೂತಿರುತ್ತಿದ್ದ ಹುಡುಗನನ್ನು ಯಾರೂ ನೆನೆಯಲಿಲ್ಲ. ತಾಯಿ ಮಾರೆಮ್ಮ ಒಬ್ಬಳು, "ಅವನಿಗೆ ಓಡಿದ್ರ ದಮ್ಮು ಬರ್ತಿತ್ತು" ಎಂದಳು. ಅವಳ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮಾವ ಅಳಿಯ ಸೇರಿ ತೆಕ್ಕಲಕೋಟೆಯ ಜಡೆಪ್ಪನವರನ್ನು ಆಟೋದಲ್ಲಿ ಕೂರಿಸಿಕೊಂಡು ಬಂದರು. ಸುತ್ತಿನ ಹಳ್ಳಿಗಳಲ್ಲಿ ಕಬಡ್ಡಿ ಪಂದ್ಯವೆಂದರೆ ಅವರದೇ ಸೀಟಿ. ಕೊರಳಲ್ಲಿ ಸೀಟಿ ಇಲ್ಲದೆ ಮದುವೆಗೂ ಹೋಗದ ಮನುಷ್ಯ.

"ತಗೋ, ನಿನ್ನ ಮೂರನೇ ರೆಫ್ರಿ," ಎಂದ ಕೆಂಚಣ್ಣ.

ವಿಜಯಕುಮಾರ ತಲೆ ತಲೆ ಚಚ್ಚಿಕೊಳ್ಳಬೇಕೆಂದಿದ್ದ. ಕೈ ಅರ್ಧಕ್ಕೆ ನಿಂತಿತು. ಜಡೆಪ್ಪನವರು ಅದೇ ಬಳ್ಳಾರಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರಾಗಿದ್ದು ಮೊನ್ನೆ ಮೊನ್ನೆ ನಿವೃತ್ತರಾದವರು. ಹೆಸರಿನ ಹಿಂದೆ ಡಾಕ್ಟರ್ ಇತ್ತು. ಕಾಲೇಜಿನವರು ಮುಚ್ಚಲು ಮರೆತಿದ್ದರಿಂದ ಕಾಲೇಜಿನ ಇಮೇಲ್ ವಿಳಾಸವೂ ಇತ್ತು. ಹಾಲೆಂಡಿನವರು ಕೇಳಿದ್ದು ಇಷ್ಟೇ. ಕೊನೆಯ ದಿನ ಬೇರೆ ಹತ್ತಿರ ಬಂದಿತ್ತು. ವಿಜಯಕುಮಾರ ಎದ್ದು ಕುರ್ಚಿ ಕೊಟ್ಟ.

"ಬರದು ಕೊಡ್ತೀನಿ ಡಾಕ್ಟ್ರೇ," ಎಂದರು ಜಡೆಪ್ಪ. "ಆದ್ರ ಆಟ ನೋಡದ ಬರಿಯಂಗಿಲ್ಲ. ಇದು ನನ್ನ ಸೀಟಿ ಮರ್ಯಾದಿ ಪ್ರಶ್ನೆ."

"ಸರ್, ಇದು ಮಣ್ಣಿನ ವಿಷಯರೀ..."

"ಕಬಡ್ಡಿನೂ ಮಣ್ಣಿಂದ ವಿಷಯ. ಈಗಿನೋರು ಚಾಪಿ ಮ್ಯಾಲೆ ಆಡ್ತಾರಲ್ಲ, ಅದು ಕಬಡ್ಡಿನೇ ಅಲ್ಲ."

ಹೀಗೆ ಯುರೋಪಿನ ಫೆಲೋಶಿಪ್ಪಿಗಾಗಿ ಒಬ್ಬ ಮಣ್ಣು ವಿಜ್ಞಾನಿ ಕರೂರು ಶಾಲೆಯ ಬಯಲಿನಲ್ಲಿ ಕಬಡ್ಡಿ ಆಡುವುದು ನಿಶ್ಚಯವಾಯಿತು. ಭಾನುವಾರ ಊರೆಲ್ಲ ನೆರೆಯಿತು. ಎದುರು ತಂಡ ತೆಕ್ಕಲಕೋಟೆಯದು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವ ಹುಡುಗರು. ಹಾಲೆಂಡಿಗೆ ಹೋಗುವವನ ಎದುರು ಕೈ ತಡೆದು ಮೆತ್ತಗೆ ಆಡಿದರೆ ಅವನಿಗೇ ಅವಮಾನ ಎಂದು ತಿಳಿದ ಸಜ್ಜನರು ಅವರು.

ವಿಜಯಕುಮಾರ ಕನ್ನಡಕವನ್ನು ದಾರದಿಂದ ತಲೆಗೆ ಬಿಗಿದುಕೊಂಡು, ಯಾರದೋ ಚಡ್ಡಿ ತೊಟ್ಟು, ಗೆರೆ ದಾಟಿದ. "ಕಬಡ್ಡಿ ಕಬಡ್ಡಿ" ಎನ್ನುತ್ತ ನಾಲ್ಕು ಹೆಜ್ಜೆ ಹೋದ. ಸುಮ್ಮನೆ ತಿರುಗಿ ಬಂದರೆ ಮುಗಿಯಿತು ಎಂದು ಅವನ ಲೆಕ್ಕ. ತಿರುಗುವಷ್ಟರಲ್ಲಿ ಒಬ್ಬ ಕಾಲು ಹಿಡಿದ. ಇನ್ನೊಬ್ಬ ಸೊಂಟ ಹಿಡಿದ. ಆಮೇಲೆ ಯಾರು ಎಲ್ಲಿ ಹಿಡಿದರು ಎಂಬುದು ತಿಳಿಯಲಿಲ್ಲ. ಏಳು ಮಂದಿಯೂ ಅವನ ಮೇಲಿದ್ದರು. ಕೆಳಗಿನಿಂದ "ಕಬಡ್ಡಿ" ಎಂಬ ಸಣ್ಣ ದನಿ ಬರುತ್ತಲೇ ಇತ್ತು. ಕೈಯೊಂದು ಗುಂಪಿನಿಂದ ಹೊರಗೆ ಚಾಚಿ ಮಧ್ಯದ ಗೆರೆ ತಡವಿತು. ಅದೇ ಹೊತ್ತಿಗೆ ಒಣಗಿದ ಟೊಂಗೆ ಮುರಿದಂತೆ ಸಪ್ಪಳವಾಯಿತು. ಜಡೆಪ್ಪ ಸೀಟಿ ಊದಿದರು.

"ಸುಡು ನಿನ್ನ ಪೀಪಿ!" ಎಂದು ಮಾರೆಮ್ಮ ಸೆರಗು ಕಟ್ಟಿ ಓಡಿ ಬಂದಳು. "ನನ್ನ ಮಗನ ಕಾಲು ಮುರದೈತಿ, ಊದ್ತಾನ!"

"ಕೈ ಗೆರಿ ಮುಟ್ಟೇತಿ ತಾಯೀ. ಕಾಲು ಕಾಲೇ, ಪಾಯಿಂಟು ಪಾಯಿಂಟೇ," ಎಂದರು ಜಡೆಪ್ಪ. ಅವರ ಕಣ್ಣಲ್ಲಿ ನೀರಿತ್ತು. ಇಷ್ಟು ವರ್ಷದ ಸೇವೆಯಲ್ಲಿ ಅಂಥ ಆಟ ಅವರು ನೋಡಿರಲಿಲ್ಲವಂತೆ. ವಿಜಯಕುಮಾರನನ್ನು ಬಳ್ಳಾರಿಯ ಆಸ್ಪತ್ರೆಗೆ ಸಾಗಿಸುವ ಹೊತ್ತಿಗೆ ಪತ್ರ ಹಾಲೆಂಡು ಮುಟ್ಟಿತ್ತು.

ಕೆಲವು ವಾರಗಳ ನಂತರ ಸಂದರ್ಶನಕ್ಕೆ ಕರೆ ಬಂದದ್ದು ಎಲ್ಲರಿಗಿಂತ ಹೆಚ್ಚು ವಿಜಯಕುಮಾರನಿಗೇ ಆಶ್ಚರ್ಯ. ಕೌಲ್ ಬಜಾರಿನ ಮನೆಯಲ್ಲಿ, ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲಿಟ್ಟು, ಸೊಂಟದ ಮೇಲೆ ಮಾತ್ರ ಕಾಣುವಂತೆ ಲ್ಯಾಪ್‌ಟಾಪಿನ ಮುಂದೆ ಕೂತ. ಪಕ್ಕದ ವೆಲ್ಡಿಂಗ್ ಅಂಗಡಿಯವರನ್ನು ವಿರೂಪಾಕ್ಷಿ ಚಹಾಕ್ಕೆ ಎಬ್ಬಿಸಿಕೊಂಡು ಹೋಗಿದ್ದ. ಪರದೆಯ ಮೇಲೆ ಒಬ್ಬ ಗಡ್ಡದವನು, ಒಬ್ಬಳು ಬಿಳಿ ಕೂದಲಿನ ಹೆಂಗಸು.

"ನಿಮ್ಮ ಮಾರ್ಗದರ್ಶಕರು ನಿಮ್ಮನ್ನು ಸಾಧಾರಣ, ವಿಧೇಯ ಎಂದು ಬರೆದಿದ್ದಾರೆ," ಎಂದಳು ಆಕೆ ಇಂಗ್ಲಿಷಿನಲ್ಲಿ. "ಇದು ನಿಮ್ಮ ಕಡೆಯ ತಮಾಷೆಯೇ?"

"ಹೌದು," ಎಂದ ವಿಜಯಕುಮಾರ.

"ಅದು ಹಾಗಿರಲಿ. ಡಾಕ್ಟರ್ ಜಡೆಪ್ಪ ಬರೆದದ್ದು ನಮಗೆಲ್ಲ ಬಹಳ ಹಿಡಿಸಿತು. ಏಳು ಜನ ಎದುರಾಳಿಗಳು ಮೇಲೆ ಬಿದ್ದರೂ ನೀವು ಅಂಜದೆ, ಉಸಿರು ಬಿಡದೆ, ಅದೇ ಮಾತನ್ನು ಹೇಳುತ್ತಲೇ ಇದ್ದಿರಂತೆ. ಕೊನೆಗೆ ಗೆರೆ ಮುಟ್ಟಿದಿರಂತೆ."

ವಿಜಯಕುಮಾರನ ಜೀವ ಹಾರಿಹೋಯಿತು. ಆದರೆ ಆ ದೇಶದಲ್ಲಿ ಪಿಎಚ್.ಡಿ. ಪ್ರಬಂಧವನ್ನು ಪರೀಕ್ಷಿಸಲು ಕೂರುವ ಪ್ರಾಧ್ಯಾಪಕರಿಗೆ 'ಎದುರಾಳಿಗಳು' ಎನ್ನುವುದು ವಾಡಿಕೆ. ಗಡ್ಡದವನು ತಲೆ ಆಡಿಸುತ್ತ, "ಏಳು ಜನ! ನಮ್ಮಲ್ಲೂ ಇಷ್ಟು ಕಠಿಣ ಪರೀಕ್ಷೆ ಅಪರೂಪ. ಅವರೆಲ್ಲ ಒಟ್ಟಿಗೆ ಮುಗಿಬಿದ್ದಾಗ ನಿಮಗೆ ಏನನ್ನಿಸಿತು?" ಎಂದು ಕೇಳಿದ.

"ಬಹಳ ನೋವಾಯಿತು," ಎಂದ ವಿಜಯಕುಮಾರ. ಅಂದು ಅವನ ಬಾಯಿಂದ ಬಂದ ಮಾತುಗಳಲ್ಲಿ ಇದು ಪೂರ್ತಿ ನಿಜವಾದದ್ದು. ಇಬ್ಬರೂ ಮನತುಂಬಿ ನಕ್ಕರು. ಆಮೇಲೆ ಮಣ್ಣಿನ ಬಗ್ಗೆ ಕೇಳಿದರು. ಅದನ್ನು ಅವನು ನಿದ್ದೆಯಲ್ಲೂ ಹೇಳಬಲ್ಲವನಾಗಿದ್ದ.

ಆಯ್ಕೆಯಾಯಿತು.

ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಎದ್ದಿತು. ಯಾವನೋ ಆಟಗಾರನ ತೋಳು ತೊಡೆಗಳ ಮೇಲೆ ವಿಜಯಕುಮಾರನ ಕನ್ನಡಕದ ಮುಖ ಅಂಟಿಸಿ, 'ಹಾಲೆಂಡ್ ತಂಡಕ್ಕೆ ಆಯ್ಕೆಯಾದ ಕರೂರಿನ ಹೆಮ್ಮೆಯ ಪುತ್ರ' ಎಂದು ಬರೆಸಿದ್ದರು. ಕೆಂಚಣ್ಣ ದಿನಾ ಏನಾದರೊಂದು ನೆವ ಮಾಡಿಕೊಂಡು ಸಿರುಗುಪ್ಪಕ್ಕೆ ಹೋಗಿ ಅದರ ಕೆಳಗೆ ನಿಂತು ಬರುತ್ತಿದ್ದ.

ಎಲ್ಲ ಸರಿಹೋಗಿತ್ತು, ಕಾಲೊಂದು ಬಿಟ್ಟು. ಪ್ಲಾಸ್ಟರು ಬಿಚ್ಚಿದಾಗ ಎಲುಬು ಕೂಡಿರಲಿಲ್ಲ. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು, "ಈಗ ಆಪರೇಷನ್ ಮಾಡಿ ಪ್ಲೇಟ್ ಹಾಕಬೇಕ್ರಿ. ಕಾಲು ಊರಾಕ ಇನ್ನೂ ತಿಂಗಳುಗಟ್ಟಲೆ ಬೇಕು" ಎಂದರು. ಅಲ್ಲಿ ಸೇರಿದ ದಿನದಿಂದಲೇ ಕಡಲ ದಂಡೆಯ ಕೆಸರಿನಲ್ಲಿ ನಡೆದು ಮಣ್ಣು ತೆಗೆಯುವ ಕೆಲಸ. ವಿಜಯಕುಮಾರ ಕಾಲಿನ ವಿಷಯ ತಿಳಿಸಿ, ಸ್ವಲ್ಪ ಸಮಯ ಕೊಡಬೇಕೆಂದು ಬೇಡಿ ಬರೆದ. ಉತ್ತರ ಬಹಳ ಸೌಜನ್ಯದಿಂದ ಕೂಡಿತ್ತು. ಅವನು ಬೇಗ ಗುಣವಾಗಲೆಂದು ಎಲ್ಲರೂ ಹಾರೈಸಿದ್ದರು. ಅನುದಾನದ ನಿಯಮದಂತೆ ಸೇರುವ ದಿನ ಬದಲಿಸಲು ಬಾರದ ಕಾರಣ ಪಟ್ಟಿಯಲ್ಲಿದ್ದ ಮುಂದಿನವರಿಗೆ ಫೆಲೋಶಿಪ್ ಕೊಡಲಾಗಿತ್ತು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬೇಕೆಂದು ವಿನಂತಿಸಿದ್ದರು. ಮುಂದಿನ ವರ್ಷಕ್ಕೆ ಅವನ ಪಿಎಚ್.ಡಿ. ಹಳೆಯದಾಗಿ, ಅವರದೇ ನಿಯಮದ ಪ್ರಕಾರ ಅವನು ಅರ್ಜಿ ಹಾಕಲು ಬಾರದವನಾಗುತ್ತಿದ್ದ. ಅದನ್ನು ಅವರು ಗಮನಿಸಿರಲಿಲ್ಲ.

ಆ ಪತ್ರದ ತಾತ್ಪರ್ಯವನ್ನು ಅಪ್ಪನಿಗೆ ಹೇಳಿದ. ಕೆಂಚಣ್ಣ ಮಗನ ಕಾಲನ್ನೊಮ್ಮೆ ನೋಡಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದ. ಕಟ್ಟೆಯ ಮೇಲೆ ಕೂತವರು, "ಯಾವತ್ತು ವಿಮಾನ?" ಎಂದು ಕೇಳಿದಾಗ ಅವನ ಬಾಯಿಂದ ಬಂದದ್ದು ಇದು:

"ಒಲ್ಲೆ ಅಂದ ನನ್ನ ಮಗ. ಅವರು ಕೈಕಾಲು ಬಿದ್ರು. ಇವನ ಒಲ್ಲೆ ಅಂದ. ನಮ್ಮ ಮಂದೀನ ಬಿಟ್ಟು ಹೋಗಂಗಿಲ್ಲ ಅಂದ."

ಹೆಮ್ಮೆಪಡುತ್ತಾರೆಂದು ಮುದುಕ ಎಣಿಸಿದ್ದ. ಊರು ಕೆರಳಿತು.

"ಎಷ್ಟು ಸೊಕ್ಕು ನೋಡು! ನಮ್ಮ ಹುಡುಗ್ರು ಹೊಲಮನಿ ಮಾರಿ ಹೋಗಾಕ ನಿಂತಾರ, ಇವನಿಗೆ ಕರದ್ರೂ ಬ್ಯಾಡಂತ!"

ಫ್ಲೆಕ್ಸ್ ಕಟ್ಟಿಸಿದವರು ಬಂದು ಖರ್ಚು ಕೇಳಿದರು. ನೋಡಲು ಬರುತ್ತಿದ್ದ ನೆಂಟರು ಬರುವುದು ನಿಲ್ಲಿಸಿದರು. ನಿಜ ಹೇಳಬೇಕೆಂದರೆ ಅಪ್ಪನನ್ನು ಸುಳ್ಳನನ್ನಾಗಿ ಮಾಡಬೇಕು. ವಿಜಯಕುಮಾರ ಬಾಯಿ ಮುಚ್ಚಿಕೊಂಡು ಸೊಕ್ಕಿನವನಾಗಿಯೇ ಉಳಿದ.

ಕೋಲೂರಿ ನಡೆಯುವಂತಾದ ಮೇಲೆ ಬಳ್ಳಾರಿ ಕಾಲೇಜಿಗೆ ಹೋದ. ವೀರಭದ್ರಮ್ಮನವರು ಎದ್ದು ನಿಂತು ಕೈ ಮುಗಿದರು. ಹಿಂದೆಂದೂ ಅವರು ಎದ್ದಿರಲಿಲ್ಲ.

"ಮೇಡಂ, ಆ ಜಾಗ ಇನ್ನೂ ಖಾಲಿ ಇದ್ರ..."

"ಛೇ ಛೇ, ಏನ್ ಮಾತಂತ ಆಡ್ತೀರಿ? ಯುರೋಪಿನ ಕೆಲಸ ಕಾಲಿಂದ ಒದ್ದು ಬಂದೋರು ನೀವು! ನಿಮಗ ಈ ಗಂಟಿ ಲೆಕ್ಕದ ಪಾಠ ಕೊಟ್ಟು ನಾನು ಪಾಪ ಕಟ್ಕೊಳ್ಳೇನು? ಅದನ್ನ ಯಾವಾಗ್ಲೋ ಬ್ಯಾರೆಯವರಿಗೆ ಕೊಟ್ಟೀನಿ. ನೀವು ನಮ್ಮ ವಿಜ್ಞಾನ ಸಂಘದ ಉದ್ಘಾಟನೆಗೆ ಮುಖ್ಯ ಅತಿಥಿ ಆಗಿ ಬರ್ರಿ."

ಬಂದ. ಬರದಿದ್ದರೆ ಇನ್ನೂ ಸೊಕ್ಕು ಎನ್ನುತ್ತಿದ್ದರು. ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅವನ ಪಾಠಗಳು ಈಗ ಯಾರ ಪಾಲಿಗೆ ಹೋಗಿದ್ದವೋ ಆ ಹೊಸ ಮೇಷ್ಟ್ರೇ ಸ್ವಾಗತ ಭಾಷಣ ಮಾಡಿ, "ತಾಯಿನಾಡಿನ ಮಣ್ಣಿಗಾಗಿ ಹಾಲೆಂಡಿನ ಹುದ್ದೆಯನ್ನು ತಿರಸ್ಕರಿಸಿದ ತ್ಯಾಗಿ" ಎಂದು ಅವನನ್ನು ಪರಿಚಯಿಸಿದ. ಹುಡುಗರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ವಿಜಯಕುಮಾರ ಕೋಲೂರಿಕೊಂಡು ಮೈಕಿನ ಮುಂದೆ ಬಂದ. ಇವತ್ತು ಎಲ್ಲ ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದ. ಆಗ ಕಂಡದ್ದು, ಸಭಾಂಗಣದ ಕೊನೆಯ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತಿದ್ದ ಕೆಂಚಣ್ಣ. ಎಲ್ಲರ ಚಪ್ಪಾಳೆ ನಿಂತರೂ ಅವನದು ನಿಂತಿರಲಿಲ್ಲ. ಮುಖದಲ್ಲಿ ಮಾತ್ರ ಬೇರೆ ಏನೋ ಇತ್ತು. ಮಗ ಈಗ ಏನು ಹೇಳುವನೋ ಎಂದು ಕಾಯುತ್ತಿದ್ದ ಮುಖ ಅದು.

"ಹೌದು," ಎಂದ ವಿಜಯಕುಮಾರ ಮೈಕಿನಲ್ಲಿ. "ನಾನೇ ಒಲ್ಲೆ ಅಂದೆ."

ಕೆಂಚಣ್ಣ ಟವೆಲ್ಲಿನಿಂದ ಮುಖ ಒರೆಸಿಕೊಂಡು ಕೂತ.

ಆಮೇಲೆ ವಿಜಯಕುಮಾರ ಮಣ್ಣಿನ ಬಗ್ಗೆ ಮಾತಾಡಿದ. ಕಾಲುವೆಯ ನೀರು ಹೆಚ್ಚಾದ ಗದ್ದೆಯಲ್ಲಿ ಉಪ್ಪು ಹೇಗೆ ಸದ್ದಿಲ್ಲದೆ ಮೇಲೇರುತ್ತದೆ, ಭತ್ತದ ಬೇರು ಮೊದಲು ಹೇಗೆ ಸುಡುತ್ತದೆ, ಮೇಲೆ ನಿಂತು ನೋಡುವವನಿಗೆ ಎಷ್ಟೋ ದಿನ ಹಸಿರೇ ಕಾಣುತ್ತದೆ. ಹುಡುಗರು ಕಣ್ಣು ಮಿಟುಕಿಸದೆ ಕೇಳುತ್ತಿದ್ದರು. ಅವನು ಅಷ್ಟು ಚೆನ್ನಾಗಿ ಎಂದೂ ಪಾಠ ಮಾಡಿರಲಿಲ್ಲ. ಅದು ಅವನಿಗೂ ತಿಳಿಯುತ್ತಿತ್ತು.

ವೀರಭದ್ರಮ್ಮನವರು ಕುರ್ಚಿಯಿಂದ ಬಾಗಿ ಅವನ ಶಾಲಿನ ತುದಿ ಜಗ್ಗಿದರು.

"ಬೇಗ ಮುಗಸ್ರಿ ಸರ್. ಒಳಗ ಉಪ್ಪಿಟ್ಟು ಆರಾಕತ್ತೈತಿ."